ಬ್ರಾಟಿಸ್ಲಾವಾದ ಕಚೇರಿ, ಹೆದ್ದಾರಿಯ ಲಾರಿ

ಗಡಿ ದಾಟಿ ದುಡಿಯುವವರ ಹಕ್ಕು ನೋಡಿಕೊಳ್ಳಲೆಂದೇ 2019ರಲ್ಲಿ ಐರೋಪ್ಯ ಒಕ್ಕೂಟದ ಸಂಸ್ಥೆಯಾಗಿ ಯುರೋಪಿಯನ್ ಲೇಬರ್ ಅಥಾರಿಟಿ ಹುಟ್ಟಿತು. ಕಚೇರಿ ಸ್ಲೊವಾಕಿಯಾದ ಬ್ರಾಟಿಸ್ಲಾವಾದಲ್ಲಿ. ಎರಡು ಮೂರು ದೇಶಗಳ ಇನ್‌ಸ್ಪೆಕ್ಟರುಗಳನ್ನು ಸೇರಿಸಿ ಜಂಟಿ ತಪಾಸಣೆ ಮಾಡಿಸಬಹುದು. ಕಾರ್ಮಿಕ ಸಂಘಗಳೂ ಅದಕ್ಕೆ ಪ್ರಕರಣ ಒಪ್ಪಿಸಬಹುದು. ಆದರೆ ಯಾವುದಾದರೂ ದೇಶ 'ನಾವು ಬರಲ್ಲ' ಅಂತ ಕಾರಣ ಬರೆದುಕೊಟ್ಟರೆ ಸಾಕು, ಆ ದೇಶದೊಳಗೆ ತಪಾಸಣೆ ಇಲ್ಲ. ಹಲ್ಲಿಲ್ಲದ ಹಾವು ಅಂತ ಸಂಘಗಳು ಗೊಣಗುವುದು ಇದಕ್ಕೇ.

ಅಸಲಿ ತೊಡಕು ಕಾರ್ಮಿಕನನ್ನು ಕಳಿಸಿದ ದೇಶ ಕೊಡುವ ಎ1 ಎಂಬ ಹಾಳೆಯಲ್ಲಿದೆ. ಕಾರ್ಮಿಕನ ಸಾಮಾಜಿಕ ಭದ್ರತೆಯ ವಂತಿಗೆ ಆ ದೇಶದಲ್ಲೇ ಸಲ್ಲುತ್ತದೆ ಎನ್ನುವುದಕ್ಕೆ ಅದು ಪುರಾವೆ. ಸುಳ್ಳು ಅಂತ ಅನುಮಾನ ಬಂದರೂ ಕೆಲಸದ ಜಾಗದ ಇನ್‌ಸ್ಪೆಕ್ಟರ್ ತಾನೇ ರದ್ದು ಮಾಡುವಂತಿಲ್ಲ, ಕೊಟ್ಟ ದೇಶವನ್ನೇ ಕೇಳಬೇಕು. ಉತ್ತರ ಬರುವಷ್ಟರಲ್ಲಿ ಕಟ್ಟಡ ಮುಗಿದಿರುತ್ತದೆ, ಉಪಗುತ್ತಿಗೆ ಕಂಪನಿ ಬಾಗಿಲು ಹಾಕಿರುತ್ತದೆ. ಅದಕ್ಕೇ ಉಪಗುತ್ತಿಗೆಯ ಸರಪಳಿಗೆ ಮಿತಿ ಹಾಕಿ ಅನ್ನುವುದು ಸಂಘಗಳ ಬೇಡಿಕೆ.

2023ರಲ್ಲಿ ಜರ್ಮನಿಯ ಗ್ರೇಫೆನ್‌ಹೌಸೆನ್ ಹೆದ್ದಾರಿ ತಂಗುದಾಣ ನೆನಪಿದೆಯಾ? ಜಾರ್ಜಿಯಾ, ಉಜ್ಬೇಕಿಸ್ತಾನದ ಚಾಲಕರು, ಪೋಲೆಂಡಿನ ಮಾಲೀಕ, ಜರ್ಮನಿಯ ರಸ್ತೆ. ಬಾಕಿ ಸಂಬಳ ಕೈಗೆ ಬಂದದ್ದು ಚಾಲಕರು ಮುಷ್ಕರ ಹೂಡಿ ಲಾರಿಗಳನ್ನು ವಾರಗಟ್ಟಲೆ ಅಲ್ಲೇ ನಿಲ್ಲಿಸಿದ ಮೇಲೆ.