ಮುದ್ದೆಗೆ ಹಲ್ಲು ಬೇಡ

ಅಪ್ಪನ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ಸಕ್ಕರೆ, 8.8ರಿಂದ 6.3ಕ್ಕೆ ಇಳಿದಿತ್ತು. ಮನೆಯಲ್ಲಿ ಎಲ್ಲರಿಗೂ ಖುಷಿ. ಕಾಫಿಗೆ ಸಕ್ಕರೆ ಬಿಡಿಸಿದ್ದು ತಾನೇ ಅಂತ ಅವ್ವ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ಡಾಕ್ಟರು ಮಾತ್ರ ರಿಪೋರ್ಟಿಗಿಂತ ಅಪ್ಪನ ಮುಖವನ್ನೇ ಹೆಚ್ಚು ಹೊತ್ತು ನೋಡಿ, "ಒಂದ್ಸಲ ಡಯಟಿಷಿಯನ್ ಹತ್ರ ತೋರಿಸಿ" ಅಂದರು.

ಮಂಡ್ಯದ ನೂರಡಿ ರಸ್ತೆಯ ಒಂದು ಕ್ಲಿನಿಕ್ಕು. ಅನ್ನ ಬಿಡಿ, ಬಾಳೆಹಣ್ಣು ಬಿಡಿ ಅಂತ ಅಚ್ಚು ಹಾಕಿಸಿದ ಪಟ್ಟಿ ಕೊಟ್ಟು ಕಳಿಸುತ್ತಾರೆ ಅಂದುಕೊಂಡಿದ್ದೆ. ಅಲ್ಲಿದ್ದ ಡಯಟಿಷಿಯನ್ ಪಟ್ಟಿಯ ಮಾತೇ ಎತ್ತಲಿಲ್ಲ.

"ನಿನ್ನೆ ಎದ್ದಾಗಿಂದ ಮಲಗೋವರೆಗೂ ಏನೇನ್ ತಗೊಂಡ್ರಿ, ಹೇಳಿ ಯಜಮಾನ್ರೇ."

"ಏನ್ ತಿಂದೇನವ್ವ, ಎರಡೊತ್ತು ಮುದ್ದೆ, ವಸಿ ಸಾರು."

ಅವ್ವ ಬಾಯಿ ಹಾಕಿದಳು. "ಸೊಪ್ಪು, ಕಾಳು ಎಲ್ಲಾ ಹಾಕ್ತೀನಿ ಮೇಡಂ."

"ನೀವು ಹಾಕಿದ್ದನ್ನ ಆಮೇಲೆ ಕೇಳ್ತೀನಮ್ಮ. ತಿಂದಿದ್ದನ್ನ ಅವರೇ ಹೇಳ್ಲಿ."

ಮುದ್ದೆ ಎಷ್ಟು ದಪ್ಪ ಅಂದಾಗ ಅಪ್ಪ ಎರಡೂ ಅಂಗೈ ಬಾಗಿಸಿ ಗಾಳಿಯಲ್ಲೇ ಒಂದು ಮುದ್ದೆ ಕಟ್ಟಿದರು. ಮೊದಲು ದೊಡ್ಡದು, ಆಮೇಲೆ ತಾವೇ ಕೈ ಕಿರಿದು ಮಾಡಿಕೊಂಡು, "ಈಗ ಇಷ್ಟೇಯ" ಅಂದರು. ಅವರು ಅದನ್ನು ಬರೆದುಕೊಂಡರು. ಮೇಜಿನ ಮೇಲೆ ಮೂರು ಅಳತೆಯ ಸೌಟು ಇಟ್ಟು, ಸಾರು ಯಾವುದರಲ್ಲಿ, ಎಷ್ಟು ಸಲ ಅಂತ ಕೇಳಿದರು.

"ಸಾರಲ್ಲಿರೋ ಕಾಳು?"

"ತಟ್ಟೇಲಿ ಉಳೀತದೆ."

"ಬಾಡೂಟದಲ್ಲಿ ತುಂಡು?"

"ಮೊಮ್ಮಗ ಅವ್ನಲ್ಲ."

ಮೊಮ್ಮಗನ ಮೇಲಿನ ಅಕ್ಕರೆ ಅಂತ ನಾವೆಲ್ಲ ನಗುತ್ತಿದ್ದ ವಿಷಯ ಅದು. ಅವರು ನಗಲಿಲ್ಲ. ಟಾರ್ಚ್ ಹಿಡಿದು ಬಾಯಿ ತೆಗೆಸಿದರು. ಮೇಲಿನ ದವಡೆ ಹಲ್ಲಿಗೆ ಕೆಳಗೆ ಜೋಡಿಯೇ ಇರಲಿಲ್ಲ.

ಮುದ್ದೆಯನ್ನು ನುಂಗುತ್ತೇವೆ, ಅಗಿಯುವುದಿಲ್ಲ. ಹಾಗಾಗಿ ನಮ್ಮ ಕಡೆ ಹಲ್ಲು ಹೋದವರು ಅರ್ಧ ಊಟ ಬಿಟ್ಟಿದ್ದೇ ಮನೆಯವರಿಗೆ ಗೊತ್ತಾಗುವುದಿಲ್ಲ. ರಾಗಿಯಲ್ಲಿ ಸುಣ್ಣದಂಶ ಧಾರಾಳ, ಪ್ರೊಟೀನ್ ಮಾತ್ರ 100 ಗ್ರಾಂ ಹಿಟ್ಟಿಗೆ ಏಳು ಗ್ರಾಂ ಆಸುಪಾಸು. ಈ ವಯಸ್ಸಿಗೆ ದಿನಕ್ಕೆ ಕೆಜಿ ತೂಕಕ್ಕೆ ಸುಮಾರು 1 ಗ್ರಾಂ ಪ್ರೊಟೀನ್ ಬೇಕು, ಅಪ್ಪನಿಗೆ ಅದರ ಅರ್ಧ ಸಿಕ್ಕಿದರೆ ಹೆಚ್ಚು ಅಂದರು.

ಹಳೇ ಚೀಟಿಯಲ್ಲಿ ತೂಕ 61 ಇತ್ತು, ಈಗ 56. ಎತ್ತರಕ್ಕೆ ತೂಕ ಹೋಲಿಸುವ ಬಿಎಂಐ ಸರಿಯಾಗೇ ಇದೆ, ಆ ಲೆಕ್ಕ ನೋಡಿದವರು ಭೇಷ್ ಅಂದು ಕಳಿಸಿಬಿಡುತ್ತಾರೆ. ಆದರೆ ಬೇಕಂತ ಇಳಿಸದೆ, ಆರು ತಿಂಗಳೊಳಗೆ ಶೇ 5ಕ್ಕಿಂತ ಹೆಚ್ಚು ತೂಕ ತಾನಾಗಿ ಇಳಿದರೆ ಅದು ಎಚ್ಚರಿಕೆಯ ಗಂಟೆಯಂತೆ. ಪಂಚೆ ಉಡುವವರಿಗೆ ಸೊಂಟ ಸಡಿಲವಾದದ್ದು ತಿಳಿಯುವುದೂ ಇಲ್ಲ, ಬಿಗಿದು ಕಟ್ಟಿದರಾಯ್ತು. ಟೇಪನ್ನು ಮೀನಖಂಡಕ್ಕೆ ಸುತ್ತಿದರು. 30 ಸೆಂಟಿಮೀಟರ್. 31ಕ್ಕಿಂತ ಕಡಿಮೆ ಆದರೆ ವಯಸ್ಸಾದವರಲ್ಲಿ ಮಾಂಸ ಕರಗುತ್ತಿದೆ ಅಂತ ಅನುಮಾನ ಪಡಬೇಕು. ಕೈ ಊರದೆ ಕುರ್ಚಿಯಿಂದ ಏಳಿ ಅಂದರು. ಗದ್ದೆ ಉತ್ತ ಮನುಷ್ಯ, ಎರಡು ಸಲಕ್ಕೆ ಮಂಡಿ ಹಿಡಿದುಕೊಂಡರು.

ಅಲ್ಲಿಗೆ 6.3ರ ಗುಟ್ಟು ಬಯಲಾಯಿತು. ಸಕ್ಕರೆ ಇಳಿದದ್ದರಲ್ಲಿ ಅವ್ವನ ಕಾಫಿಗಿಂತ ಅಪ್ಪನ ಅರೆಹೊಟ್ಟೆಯದೇ ದೊಡ್ಡ ಪಾಲು.

ಮುಂದಿನ ಪ್ರಶ್ನೆ ಮಾತ್ರೆಯದು. ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಇದೆ ಅಂತ ನೋಡಿ, "ಬೆಳಗಿನ ಜಾವ ಬೆವರು, ನಡುಕ ಏನಾದ್ರೂ?" ಅಪ್ಪ ಒಪ್ಪಿಕೊಂಡರು, ಸೆಕೆಗೆ ಅಂದುಕೊಂಡಿದ್ದರಂತೆ. ಊಟ ಕಡಿಮೆಯಾಗಿ ಆ ಮಾತ್ರೆ ಮೊದಲಿನಷ್ಟೇ ನಡೆದರೆ ಸಕ್ಕರೆ ಕೆಳಗೆ ಬಿದ್ದುಬಿಡಬಹುದು. ಸಕ್ಕರೆಯ ಇನ್ನೊಂದು ಮಾತ್ರೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡವರಿಗೆ ವಿಟಮಿನ್ ಬಿ12 ಕಡಿಮೆಯಾಗುವುದುಂಟು ಅಂತ ಕಾಲು ಜೋಮು ಹಿಡಿಯುತ್ತಾ ಅಂತಲೂ ಕೇಳಿದರು. ಮಾತ್ರೆ ಬದಲಿಸುವುದು ತನ್ನ ಕೆಲಸ ಅಲ್ಲ ಅಂತ ಅವತ್ತೇ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ಪ್ರೊಟೀನ್ ಹೆಚ್ಚಿಸಿ ಅನ್ನುವ ಮುಂಚೆ ಕಿಡ್ನಿಯ ಕ್ರಿಯಾಟಿನಿನ್ ಅಂಕಿ ನೋಡಿಕೊಂಡರು, ಅದು ಸರಿಯಾಗಿತ್ತು.

ಬರೆದುಕೊಟ್ಟ ಊಟ ನಮ್ಮ ಅಡುಗೆಮನೆಯದ್ದೇ: ಹುರುಳಿಕಾಳು ಬೇಯಿಸಿ ರುಬ್ಬಿದ ಸಾರು, ಹಿತುಕಿದ ಬೇಳೆ, ಗಟ್ಟಿ ಮೊಸರು, ಬಾಡಿನ ಬದಲು ಕೈಮಾ, ದಿನಾ ಒಂದು ಬೇಯಿಸಿದ ಮೊಟ್ಟೆ. ಎಲ್ಲಕ್ಕಿಂತ ಮೊದಲು ಹಲ್ಲಿನ ಡಾಕ್ಟರು.

"ಸೋಮವಾರ, ಶನಿವಾರ ಮೊಟ್ಟೆ ಮುಟ್ಟಲ್ಲ ಕಣವ್ವ" ಅಂದರು ಅಪ್ಪ. ಅವರು ಆ ಎರಡು ದಿನದ ಸಾಲಿನಲ್ಲಿ ಮೊಟ್ಟೆ ಹೊಡೆದು, ತೊವ್ವೆ ಎರಡು ಸೌಟು ಅಂತ ಬರೆದರು. ಯಾವ ಸೌಟು ಅಂತ ಅವ್ವ ಕೇಳಿ ತಿಳಿದುಕೊಂಡಳು.