ಪಿಆರ್ ಆದ ಮೇಲೆ ಬಾಡಿಗೆಗೆ ನೆರವು: ಊರಿನ ಸೈಟನ್ನು ಬಚ್ಚಿಡಬೇಡಿ

"ಅಷ್ಟೆಲ್ಲ ಓದಿ, ಅಷ್ಟು ದೂರ ಹೋಗಿ, ಕೊನೆಗೆ ಸರ್ಕಾರದ ಮುಂದೆ ಕೈಯೊಡ್ಡೋದೇನೋ?" ಇಂಗ್ಲೆಂಡಿನ ರೀಡಿಂಗ್‌ನಲ್ಲಿರುವ ಕನ್ನಡ ಕುಟುಂಬವೊಂದಕ್ಕೆ ಇತ್ತೀಚೆಗೆ ಊರಿನಿಂದ ಫೋನಿನಲ್ಲಿ ಬಂದ ಮಾತು. ಗಂಡನ ಕೆಲಸ ಹೋಗಿದೆ, ಹೆಂಡತಿಯದು ಅರೆಕಾಲಿಕ ಕೆಲಸ, ಇಬ್ಬರು ಮಕ್ಕಳು. ಪಿಆರ್ (ಖಾಯಂ ವಾಸದ ಅನುಮತಿ) ಆಗಿದೆ. ಆದರೂ ಅಮ್ಮನ ಮಾತು ಚುಚ್ಚಿತೆಂದು ಬಾಡಿಗೆಯ ನೆರವಿಗೆ ಅರ್ಜಿ ಹಾಕದೆ ಕ್ರೆಡಿಟ್ ಕಾರ್ಡಿನಲ್ಲಿ ದಿನ ದೂಡಿದರು. ಕೇಳಿ ಸಂಕಟವಾಯಿತು.

ಆ ತಾಯಿಯ ತಪ್ಪೇನೂ ಇಲ್ಲ. ನಮ್ಮಲ್ಲಿ ಒಂದು ಆದಾಯ ಪ್ರಮಾಣಪತ್ರಕ್ಕೂ ನಾಡಕಚೇರಿಗೆ ಅಲೆದು, ಯಾರದೋ ಕೈಕಾಲು ಹಿಡಿದ ಜನಕ್ಕೆ ಸರ್ಕಾರದ ನೆರವು ಎಂದರೆ ಯಾರೋ ತೋರುವ ದಯೆ ಅನ್ನಿಸುವುದು ಸಹಜ. ಇಲ್ಲಿ ಬ್ರಿಟನ್ನಿನಲ್ಲಿ ಅದು ಕಾನೂನಿನಲ್ಲಿ ಬರೆದಿಟ್ಟ ಅರ್ಹತೆ. ವೀಸಾದ ಮೇಲಿದ್ದ ವರ್ಷಗಳಲ್ಲಿ ಆದಾಯ ತೆರಿಗೆಯನ್ನೂ ಕಟ್ಟಿ, ಅದರ ಮೇಲೆ ಆರೋಗ್ಯ ಸರ್ಚಾರ್ಜನ್ನೂ (ಈಗ ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್) ಕಟ್ಟಿದವರು ಇವರು. ಆಗ ವೀಸಾದಲ್ಲೇ "ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್" ಎಂಬ, ಅಂದರೆ ಸರ್ಕಾರದ ನೆರವು ಪಡೆಯುವಂತಿಲ್ಲ ಎಂಬ ಷರತ್ತಿರುತ್ತದೆ. ಆ ಅವಧಿಯಲ್ಲಿ ಅರ್ಜಿ ಹಾಕಿದರೆ ವೀಸಾಕ್ಕೇ ಕುತ್ತು. ಐಎಲ್‌ಆರ್, ಅಂದರೆ ನಾವು ಪಿಆರ್ ಅನ್ನುವುದು, ಕೈಗೆ ಬಂದ ದಿನ ಆ ಷರತ್ತು ಹೋಗುತ್ತದೆ. ನೆರವು ಪಡೆದದ್ದು ಮುಂದೆ ಪೌರತ್ವಕ್ಕೆ ಅಡ್ಡಿಯಲ್ಲ. ಒಂದು ಅಪವಾದವಿದೆ: ಮಕ್ಕಳು ಮುಚ್ಚಳಿಕೆ ಬರೆದುಕೊಟ್ಟು ಕರೆಸಿಕೊಂಡ ವಯಸ್ಸಾದ ತಂದೆತಾಯಿಗೆ ಸಾಮಾನ್ಯವಾಗಿ 5 ವರ್ಷ ಇದು ಸಿಗದು.

ಹೌಸಿಂಗ್ ಬೆನಿಫಿಟ್ ಎಂಬ ಹಳೆಯ ಹೆಸರಿನ ನೆರವು ಈಗ ಮುಖ್ಯವಾಗಿ ಪಿಂಚಣಿ ವಯಸ್ಸಿನವರಿಗೆ. ದುಡಿಯುವ ವಯಸ್ಸಿನವರಿಗೆ ಬಾಡಿಗೆಯ ಪಾಲು, ಆದಾಯ ಕಡಿಮೆ ಇರುವವರಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ಯೂನಿವರ್ಸಲ್ ಕ್ರೆಡಿಟ್‌ನೊಳಗೇ ಸೇರಿ ಬರುತ್ತದೆ. ಖಾಸಗಿ ಮನೆಗೆ ಎಷ್ಟು ಎನ್ನುವುದು ಲೋಕಲ್ ಹೌಸಿಂಗ್ ಅಲೋವೆನ್ಸ್ (ಆಯಾ ಪ್ರದೇಶಕ್ಕೆ ಗೊತ್ತುಮಾಡಿದ ಬಾಡಿಗೆ ನೆರವಿನ ಮಿತಿ) ದರದ ಮೇಲೆ ನಿಂತಿದೆ. ಪೋಸ್ಟ್‌ಕೋಡ್ ಹಾಕಿದರೆ ಸರ್ಕಾರಿ ಜಾಲತಾಣದಲ್ಲೇ ದರ ಸಿಗುತ್ತದೆ. 2024ರ ಏಪ್ರಿಲ್‌ನಲ್ಲಿ ಏರಿಸಿದ ದರವನ್ನು 2025ರಲ್ಲಿ ಹಾಗೇ ಬಿಟ್ಟಿದ್ದಾರೆ, ಬಾಡಿಗೆ ಮಾತ್ರ ಏರಿದೆ. ಹಾಗಾಗಿ ಪೂರ್ತಿ ಬಾಡಿಗೆ ಬರುತ್ತದೆಂದು ಲೆಕ್ಕ ಹಾಕಬೇಡಿ. ದರ ಮಲಗುವ ಕೋಣೆಗಳ ಲೆಕ್ಕದ ಮೇಲಿದೆ, ಆದರೆ ಮಕ್ಕಳಿಗೆಲ್ಲ ಒಂದೊಂದು ಕೋಣೆ ಹಿಡಿಯುವುದಿಲ್ಲ: 10 ವರ್ಷದೊಳಗಿನ ಇಬ್ಬರಿಗೆ ಒಂದು, 16ರೊಳಗಿನ ಇಬ್ಬರು ಹುಡುಗರಿಗೆ ಅಥವಾ ಇಬ್ಬರು ಹುಡುಗಿಯರಿಗೆ ಒಂದು. ಮಕ್ಕಳಿಲ್ಲದ, 35 ತುಂಬದ ಒಂಟಿ ಬಾಡಿಗೆದಾರರಿಗೆ ಸಾಮಾನ್ಯವಾಗಿ ಹಂಚಿಕೊಂಡ ಮನೆಯ ದರವಷ್ಟೇ. ಅಣ್ಣನ ಮನೆಯಲ್ಲಿ, ಅಣ್ಣನ ಜೊತೆಗೇ ಇದ್ದು ಅವನಿಗೆ ಬಾಡಿಗೆ ಕೊಡುವವರಿಗೆ ಬಾಡಿಗೆಯ ಪಾಲು ಸಿಗುವುದಿಲ್ಲ.

ನಮ್ಮವರು ನಿಜವಾಗಿ ಎಡವುವುದು ಆಸ್ತಿಯ ವಿಷಯದಲ್ಲಿ. ಗಂಡಹೆಂಡತಿಯ ಒಟ್ಟು ಬಂಡವಾಳ 16,000 ಪೌಂಡ್ ಮೀರಿದರೆ ಏನೂ ಇಲ್ಲ. 6,000 ದಾಟಿದರೆ ಪ್ರತಿ 250 ಪೌಂಡಿಗೆ, ಅಥವಾ ಅದರ ಭಾಗಕ್ಕೆ, ತಿಂಗಳಿಗೆ 4.35 ಪೌಂಡ್ ಕಡಿತ. ಈ ಬಂಡವಾಳದಲ್ಲಿ ಊರಿನ ಎಫ್‌ಡಿ, ಖಾಲಿ ಸೈಟು, ಬಾಡಿಗೆಗೆ ಕೊಟ್ಟ ಫ್ಲ್ಯಾಟು ಎಲ್ಲವೂ ಸೇರುತ್ತವೆ. "ಅದು ಇಂಡಿಯಾದ್ದು, ಇಲ್ಲಿಗೇನು ಸಂಬಂಧ" ಅನ್ನುವ ಸಲಹೆ ಮನೆಮನೆಯಲ್ಲಿ ಹರಿದಾಡುತ್ತದೆ, ದಯವಿಟ್ಟು ನಂಬಬೇಡಿ.

ಲೆಕ್ಕ ಹೀಗಿರುತ್ತದೆ. ಮೈಸೂರಿನಲ್ಲಿ 40 ಲಕ್ಷದ ಸೈಟು, ಅಣ್ಣತಮ್ಮ ಇಬ್ಬರಿಗೇ ಸಮಪಾಲು, ಅದನ್ನೇ ಅಡವಿಟ್ಟ 15 ಲಕ್ಷ ಸಾಲ ಎಂದುಕೊಳ್ಳಿ. ಮಾರಾಟದ ಖರ್ಚಿಗೆ ಶೇ. 10, ಅಂದರೆ 4 ಲಕ್ಷ ಕಳೆಯಿರಿ, ಸಾಲವನ್ನೂ ಕಳೆಯಿರಿ. ಉಳಿದದ್ದು 21 ಲಕ್ಷ, ನಿಮ್ಮ ಪಾಲು ಹತ್ತೂವರೆ ಲಕ್ಷ. ಪೌಂಡಿಗೆ 115 ರೂಪಾಯಿ ಹಿಡಿದರೆ ಸುಮಾರು 9,130 ಪೌಂಡ್. ಬೇರೆ ಉಳಿತಾಯವಿಲ್ಲದಿದ್ದರೆ ತಿಂಗಳಿಗೆ 56.55 ಪೌಂಡ್ ಕಡಿತವಾಗಿ ಉಳಿದ ನೆರವು ಬರುತ್ತದೆ. ಅಷ್ಟಕ್ಕೋಸ್ಕರ ಮುಚ್ಚಿಟ್ಟರೆ ಮುಂದೆ ಕೊಟ್ಟದ್ದನ್ನೆಲ್ಲ ವಾಪಸ್ ಕೇಳುತ್ತಾರೆ, ವಂಚನೆಯ ಕೇಸೂ ಆಗಬಹುದು. ಅರ್ಜಿಯ ಜೊತೆಗೇ ಖಾತೆ, ಋಣಭಾರ ಪತ್ರ, ಬ್ಯಾಂಕಿನ ಸಾಲದ ಪತ್ರ, ಇವುಗಳ ಇಂಗ್ಲಿಷ್ ಅನುವಾದ ಸಿದ್ಧವಿಟ್ಟುಕೊಳ್ಳಿ. ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರ ಸಾಲದು, ಇವರು ನೋಡುವುದು ಮಾರುಕಟ್ಟೆ ಬೆಲೆಯನ್ನು.

ಕೆಲವು ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಹೆಸರಿನ ಮನೆಯಲ್ಲಿ ಇಲ್ಲಿನ ಪಿಂಚಣಿ ವಯಸ್ಸು ದಾಟಿದ ಅಪ್ಪ ಅಥವಾ ಅಮ್ಮ ವಾಸವಿದ್ದರೆ ಆ ಮನೆಯನ್ನು ಬಿಟ್ಟುಬಿಡುತ್ತಾರೆ. ಜೀವವಿಮೆ ಪಾಲಿಸಿಯ ಮೌಲ್ಯ, ಮೈಮೇಲಿನ ಒಡವೆಯಂಥ ಸ್ವಂತ ವಸ್ತುಗಳೂ ಹಾಗೆಯೇ. ಅಮ್ಮ ಕೊಟ್ಟ ಎರಡೆಳೆ ಸರಕ್ಕೆ ಹೆದರಿ ಅರ್ಜಿ ಹಾಕದವರಿದ್ದಾರೆ ಎಂದು ಇದನ್ನು ಬಿಡಿಸಿ ಹೇಳುತ್ತಿದ್ದೇನೆ.

ಒಬ್ಬರಿಗೆ ಪಿಆರ್ ಆಗಿ ಇನ್ನೊಬ್ಬರು ಸ್ಪೌಸ್ ವೀಸಾದಲ್ಲಿದ್ದರೆ, ಪಿಆರ್ ಇರುವವರು ಒಂಟಿ ಅರ್ಜಿದಾರರ ದರದಲ್ಲಿ ಪಡೆಯಬಹುದು. ಆದರೆ ಇಬ್ಬರ ಸಂಬಳ, ಉಳಿತಾಯ ಎರಡನ್ನೂ ತೋರಿಸಬೇಕು.

ಅರ್ಜಿ ಸಾಮಾನ್ಯವಾಗಿ ಆನ್‌ಲೈನ್. ಮೊದಲ ಹಣಕ್ಕೆ 5 ವಾರ ಕಾಯಬೇಕು, ಹಿಂದಿನ ದಿನಗಳದ್ದು ಬಹಳ ಅಪರೂಪಕ್ಕೆ, ಅದೂ ಒಂದೇ ತಿಂಗಳವರೆಗೆ ಸಿಗುತ್ತದೆ. ಕೆಲಸ ಹೋದ ವಾರವೇ ಹಾಕಿ. ಇ-ವೀಸಾದ ಶೇರ್ ಕೋಡ್ (ನಿಮ್ಮ ವಾಸದ ಹಕ್ಕನ್ನು ಆನ್‌ಲೈನ್‌ನಲ್ಲಿ ತೋರಿಸುವ ಸಂಕೇತ), ಬಾಡಿಗೆ ಕರಾರು, ಬಾಡಿಗೆ ಕಟ್ಟಿದ ಬ್ಯಾಂಕ್ ದಾಖಲೆ ಬೇಕು. ಕೈಗೆ ಕೊಟ್ಟ ನಗದಿಗೆ ರಸೀದಿ ಇಲ್ಲದಿದ್ದರೆ ಫಜೀತಿ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಸರ್‌ನೇಮ್ ಆಗಿ, ಕರಾರಿನಲ್ಲಿ ಬರೀ ಇನಿಷಿಯಲ್ ಇದ್ದರೆ ಗುರುತಿನ ಪರಿಶೀಲನೆ ಅಲ್ಲೇ ನಿಲ್ಲುತ್ತದೆ, ಮೊದಲೇ ಸರಿಮಾಡಿಸಿ. ಹಲವು ತಿಂಗಳು ಊರಲ್ಲಿದ್ದು ಬಂದವರಿಗೆ "ಹ್ಯಾಬಿಚುಯಲ್ ರೆಸಿಡೆನ್ಸ್" (ನಿಜವಾಗಿ ಇಲ್ಲೇ ನೆಲೆಸಿದ್ದೀರಾ ಎಂಬ) ಪ್ರಶ್ನೆ ಬರುತ್ತದೆ: ಮಕ್ಕಳ ಶಾಲೆಯ ಪತ್ರ, ಜಿಪಿ (ಸ್ಥಳೀಯ ಡಾಕ್ಟರು) ನೋಂದಣಿ, ಕೆಲಸ ಹುಡುಕಿದ ದಾಖಲೆ ತೋರಿಸಿ. ಕೌನ್ಸಿಲ್ ಟ್ಯಾಕ್ಸ್ (ಸ್ಥಳೀಯ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆ) ರಿಯಾಯಿತಿ ಇದರಲ್ಲಿ ಬರುವುದಿಲ್ಲ, ಕೌನ್ಸಿಲ್‌ಗೆ ಬೇರೆ ಅರ್ಜಿ ಹಾಕಬೇಕು. ನಿರಾಕರಿಸಿದರೆ ಒಂದು ತಿಂಗಳೊಳಗೆ ಮರುಪರಿಶೀಲನೆ ಕೇಳಿ. ಅದೂ ಆಗದಿದ್ದರೆ ಟ್ರಿಬ್ಯೂನಲ್ ಇದೆ, ಸಿಟಿಜನ್ಸ್ ಅಡ್ವೈಸ್ ಎಂಬ ಸಲಹಾ ಸಂಸ್ಥೆಯವರು ಉಚಿತವಾಗಿ ದಾರಿ ತೋರಿಸುತ್ತಾರೆ.