ಇಂಗ್ಲೆಂಡಿನ ಪೆಟ್ಟಿಗೆಗಳಲ್ಲಿ ಹಳೆಯ ಬೆಂಗಳೂರು

ಇಂಗ್ಲೆಂಡಿಗೆ ಬಂದು ನೆಲೆಸಿದ ಮೇಲೆ ನನಗೆ ಹತ್ತಿದ ಹವ್ಯಾಸವೆಂದರೆ ಹಳೆಯ ಚಿತ್ರ ಅಂಚೆಕಾರ್ಡುಗಳ ಸಂಗ್ರಹ. ಇಲ್ಲಿನ ಸಭಾಭವನಗಳಲ್ಲಿ ಆಗಾಗ ಇವುಗಳ ಮಾರಾಟ ಮೇಳ ನಡೆಯುತ್ತದೆ. ಉದ್ದನೆಯ ಪೆಟ್ಟಿಗೆಗಳಲ್ಲಿ ಕಾರ್ಡುಗಳನ್ನು ಊರು, ದೇಶಗಳ ಪ್ರಕಾರ ಜೋಡಿಸಿ, ಪ್ರತಿಯೊಂದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಸಣ್ಣಗೆ ಬೆಲೆ ಬರೆದಿರುತ್ತಾರೆ. ‘ಇಂಡಿಯಾ’ ಎಂದು ಗುರುತು ಹಾಕಿದ ಭಾಗದಲ್ಲಿ ತಾಳ್ಮೆಯಿಂದ ಹುಡುಕಿದರೆ ನಮ್ಮ ಬೆಂಗಳೂರು ಸಿಗುವುದುಂಟು.

ಅಂಚೆಕಾರ್ಡು ಮೊದಲು ಬಳಕೆಗೆ ಬಂದದ್ದು ಆಸ್ಟ್ರಿಯಾ-ಹಂಗೇರಿಯಲ್ಲಿ, 1869ರ ಅಕ್ಟೋಬರ್ 1ರಂದು. ಮರುವರ್ಷ ಅದೇ ದಿನ ಬ್ರಿಟನ್ನಿಗೂ, 1879ರ ಜುಲೈಯಲ್ಲಿ ಕಾಲಾಣೆಯ ಬೆಲೆಗೆ ಭಾರತಕ್ಕೂ ಅದು ಬಂತು. ಅವೆಲ್ಲ ಚಿತ್ರವಿಲ್ಲದ ಸರ್ಕಾರಿ ಕಾರ್ಡುಗಳು. ಖಾಸಗಿಯವರು ಅಚ್ಚು ಹಾಕಿಸಿದ ಕಾರ್ಡಿಗೆ ಅಂಚೆಚೀಟಿ ಅಂಟಿಸಿ ಕಳುಹಿಸಲು ಬ್ರಿಟನ್ನಿನಲ್ಲಿ ಅನುಮತಿ ದೊರೆತದ್ದು 1894ರಲ್ಲಿ. ಆಗಲೂ ಒಂದು ಬದಿ ವಿಳಾಸಕ್ಕೇ ಮೀಸಲಾಗಿದ್ದುದರಿಂದ, ಹೇಳಬೇಕಾದ ಮಾತನ್ನು ಚಿತ್ರದ ಸುತ್ತ ಉಳಿದ ಅಂಚಿನಲ್ಲಿ ಇಕ್ಕಟ್ಟಾಗಿ ಬರೆಯಬೇಕಾಗಿತ್ತು. 1902ರಲ್ಲಿ ಬ್ರಿಟನ್ ಹಿಂಬದಿಯನ್ನು ಗೆರೆಯಿಂದ ಎರಡು ಭಾಗ ಮಾಡಿ, ಎಡಕ್ಕೆ ಒಕ್ಕಣೆ, ಬಲಕ್ಕೆ ವಿಳಾಸ ಬರೆಯಲು ಅವಕಾಶ ಕೊಟ್ಟಿತು. ಚಿತ್ರಕ್ಕೆ ಒಂದು ಬದಿ ಪೂರ್ತಿಯಾಗಿ ದಕ್ಕಿದ್ದೇ ಕಾರ್ಡುಗಳ ಸುವರ್ಣಯುಗಕ್ಕೆ ಕಾರಣವೆಂದು ನಾನು ಭಾವಿಸುತ್ತೇನೆ. ದಿನಕ್ಕೆ ಹಲವು ಬಾರಿ ಅಂಚೆ ಹಂಚುತ್ತಿದ್ದ ಇಲ್ಲಿನ ನಗರಗಳಲ್ಲಿ, ‘ಸಂಜೆ ಬರುತ್ತೇನೆ’ ಎಂಬಷ್ಟು ಸಣ್ಣ ಸುದ್ದಿಯನ್ನೂ ಜನ ಅರ್ಧ ಪೆನ್ನಿಯ ಕಾರ್ಡಿನಲ್ಲಿ ತಿಳಿಸುತ್ತಿದ್ದರು. 1918ರಲ್ಲಿ ಆ ದರ ಒಂದು ಪೆನ್ನಿಗೆ ಏರಿತು.

ಬೆಂಗಳೂರಿನ ಕಾರ್ಡುಗಳು ಇಲ್ಲಿ ಸಿಗುವುದರಲ್ಲಿ ಆಶ್ಚರ್ಯವಿಲ್ಲ. ದಂಡಿನಲ್ಲಿದ್ದ ಸೈನಿಕರು, ಅಧಿಕಾರಿಗಳು ಮತ್ತು ಅವರ ಮನೆಯವರು ಕಳುಹಿಸಿದ ಕಾರ್ಡುಗಳನ್ನು ಇಲ್ಲಿನ ಬಂಧುಗಳು ಆಲ್ಬಮ್ಮುಗಳಲ್ಲಿ ಕಾಪಾಡಿಕೊಂಡು ಬಂದರು. ನನ್ನಲ್ಲಿರುವ ಒಂದು ಕಾರ್ಡಿನಲ್ಲಿ ಇಂದಿನ ಮಹಾತ್ಮ ಗಾಂಧಿ ರಸ್ತೆ, ಅಂದರೆ ಅಂದಿನ ಸೌತ್ ಪರೇಡ್, ಸಾಲುಮರಗಳ ನೆರಳಿನಲ್ಲಿ ನಿರ್ಜನವಾಗಿದೆ. ದೂರದಲ್ಲಿ ಒಂದು ಎತ್ತಿನ ಗಾಡಿ ಮಾತ್ರ ಕಾಣುತ್ತದೆ. ಹಿಂಬದಿಯಲ್ಲಿ ಏಳನೆಯ ಎಡ್ವರ್ಡ್ ದೊರೆಯ ಒಂದಾಣೆಯ ಕೆಂಪು ಅಂಚೆಚೀಟಿಯಿದೆ, ಅರ್ಧ ಅಳಿಸಿದ ಬೆಂಗಳೂರಿನ ಠಸ್ಸೆಯಿದೆ. ಮಗನೊಬ್ಬ ತಾಯಿಗೆ ಇಲ್ಲಿಯ ಹವೆ ಹಿತವಾಗಿದೆಯೆಂದು ಬರೆದಿದ್ದಾನೆ.

ಮದರಾಸು, ಬೆಂಗಳೂರುಗಳಲ್ಲಿ ಮಳಿಗೆಗಳಿದ್ದ ಹಿಗಿನ್‌ಬಾಥಮ್ಸ್ ಪುಸ್ತಕದಂಗಡಿ ಇಂಥ ಕಾರ್ಡುಗಳನ್ನು ಪ್ರಕಟಿಸುತ್ತಿತ್ತು. ಆ ಕಾಲದ ಎಷ್ಟೋ ಚಿತ್ರಕಾರ್ಡುಗಳು ಜರ್ಮನಿಯಲ್ಲಿ ಅಚ್ಚಾಗುತ್ತಿದ್ದವು. ಕಪ್ಪು ಬಿಳುಪಿನ ಛಾಯಾಚಿತ್ರಕ್ಕೆ ಊರನ್ನೇ ಕಾಣದವರು ಬಣ್ಣ ತುಂಬುತ್ತಿದ್ದುದರಿಂದ, ಕಾರ್ಡಿನಲ್ಲಿರುವ ಸೀರೆಯ ಬಣ್ಣವನ್ನೋ ಮಣ್ಣಿನ ಬಣ್ಣವನ್ನೋ ಸಾಕ್ಷಿಯಾಗಿ ನಂಬುವಂತಿಲ್ಲ. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವ ಕೊರತೆ ಇನ್ನೊಂದಿದೆ. ಕಬ್ಬನ್ ಪಾರ್ಕು, ಚರ್ಚುಗಳು, ಸೈನಿಕರ ವಸತಿಗಳು ಮತ್ತೆ ಮತ್ತೆ ಸಿಗುತ್ತವೆ. ಚಿಕ್ಕಪೇಟೆ, ಬಳೇಪೇಟೆಗಳ ಬೀದಿಗಳು ಅಪರೂಪ. ನಮ್ಮವರು ಕಾಣಿಸಿಕೊಂಡರೂ ಹೆಚ್ಚಾಗಿ ಹೆಸರಿಲ್ಲದ ಅಗಸನಾಗಿ, ಆಯಾ ಆಗಿ, ಕಸುಬಿನ ಮಾದರಿಗಳಂತೆ ನಿಂತಿರುತ್ತಾರೆ. 2018ರಲ್ಲಿ ಲಂಡನ್ನಿನ ಬ್ರೂನೈ ಗ್ಯಾಲರಿಯಲ್ಲಿ ಮದರಾಸು, ಬೆಂಗಳೂರುಗಳ ಇಂಥ ಕಾರ್ಡುಗಳನ್ನೇ ನಗರ ಚರಿತ್ರೆಯ ಆಕರವಾಗಿ ಪ್ರದರ್ಶನಕ್ಕಿಟ್ಟಿದ್ದರು. ಕಾರ್ಡುಗಳನ್ನು ಓದಬೇಕಾದದ್ದು ಹಾಗೆಯೇ: ಏನು ಕಾಣುತ್ತಿದೆ ಎಂಬುದರ ಜೊತೆಗೆ, ಯಾರು ಯಾರಿಗಾಗಿ ತೆಗೆಸಿದ ಚಿತ್ರ ಎಂಬುದನ್ನೂ ಕೇಳಿಕೊಳ್ಳುತ್ತ.

ಊರಿನಲ್ಲಿರುವ ಓದುಗರಲ್ಲಿ ನನ್ನದೊಂದು ಕೋರಿಕೆ. ಅಜ್ಜ ಅಜ್ಜಿಯರ ಟ್ರಂಕಿನಲ್ಲಿ ಹಳೆಯ ಕಾರ್ಡುಗಳು ಸಿಕ್ಕಿದರೆ ಅಂಚೆಚೀಟಿಯ ಆಸೆಗೆ ಅದನ್ನು ನೀರಿನಲ್ಲಿ ನೆನೆಸಿ ಬಿಡಿಸಬೇಡಿ. ಚೀಟಿಯ ಜೊತೆ ಠಸ್ಸೆಯೂ ಹೋಗುತ್ತದೆ, ಬರೆದ ಶಾಯಿಯೂ ಕದಡುತ್ತದೆ. ಆಮೇಲೆ ಆ ಕಾರ್ಡು ಎಲ್ಲಿಂದ, ಯಾವಾಗ ಹೊರಟಿತೆಂದು ಹೇಳುವವರೇ ಇರುವುದಿಲ್ಲ.